ದೀಪ ಶಾಂತವಾದ ಮೇಲೆ



ನಮ್ಮ ಮನೆಗಳಲ್ಲಿ ಹಿರಿಯರು ದೀಪವನ್ನು ‘ಆರಿಸು’ ಎನ್ನುತ್ತಿರಲಿಲ್ಲ. ‘ದೀಪ ಶಾಂತ ಮಾಡು’ ಎನ್ನುತ್ತಿದ್ದರು. ‘ದೊಡ್ಡದು ಮಾಡು’ ಎನ್ನುವುದೂ ಕೆಲವು ಕಡೆ ಉಂಟು. ಬೆಳಕು ಹೋಗುವುದು ಅಮಂಗಳವೆಂಬ ಭಾವನೆಯಿಂದ ಹುಟ್ಟಿದ ಮಾತು ಅದು. ದೀಪ ಹಚ್ಚುವುದಕ್ಕೆ ನಮ್ಮಲ್ಲಿ ವಿಧಿಯುಂಟು, ಹಾಡುಂಟು, ಹಬ್ಬವೇ ಉಂಟು. ದೀಪವನ್ನು ಶಾಂತಗೊಳಿಸುವುದಕ್ಕೆ ಮಾತ್ರ, ಆ ಕ್ರಿಯೆಯನ್ನು ಮರೆಮಾಚುವ ಈ ಒಂದು ನುಡಿಯಲ್ಲದೆ ಬೇರೇನೂ ಇಲ್ಲ. ಆದರೆ, ದೀಪವನ್ನು ಹಚ್ಚುವುದಕ್ಕಿಂತ ಅದನ್ನು ಸಕಾಲದಲ್ಲಿ ಶಾಂತ ಮಾಡುವುದಕ್ಕೇ ಹೆಚ್ಚಿನ ವಿವೇಕ ಬೇಕಾಗುವ ಒಂದು ಸಂದರ್ಭವನ್ನು ಕುರಿತು ಇಂದು ಮಾತನಾಡಬೇಕೆಂದಿದ್ದೇನೆ. ಕತ್ತಲೆಯಲ್ಲಿ ಹೊಳೆಯುವ ಕಲ್ಲುಗಳನ್ನು ಪ್ರದರ್ಶಿಸುವ ಗಾಜಿನ ಕಪಾಟು, ಮತ್ತು ಅದರ ದೀಪಗಳನ್ನು ಮನುಷ್ಯನ ಕೈ ಸೋಕದೆ ಹೊತ್ತಿಸುವ, ಆರಿಸುವ ಯಂತ್ರವ್ಯವಸ್ಥೆ — ಇದು ನನ್ನ ವಿಷಯ.

ಕನ್ನಡ ಸಾಹಿತ್ಯದ ಪಾಠ ಹೇಳಿ ನಿವೃತ್ತನಾದವನಿಗೆ ಖನಿಜಗಳ ಗೊಡವೆ ಏಕೆಂದು ನೀವು ಕೇಳಬಹುದು. ವಿಜ್ಞಾನ ನನ್ನ ಕ್ಷೇತ್ರವಲ್ಲ, ನಿಜ. ಆದರೆ ಆ ಕಪಾಟಿನ ಮುಂದೆ ನಿಂತಾಗ ಎದುರಾದ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗೆ ಹೊಸದೇನಲ್ಲ. ಎಷ್ಟು ತೋರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ಆ ಪ್ರಶ್ನೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸಸೆಕ್ಸ್ ಕೌಂಟಿಯಲ್ಲಿ ಫ್ರಾಂಕ್ಲಿನ್ ಮತ್ತು ಆಗ್ಡೆನ್ಸ್‌ಬರ್ಗ್ ಎಂಬ ನೆರೆಹೊರೆಯ ಎರಡು ಸಣ್ಣ ಊರುಗಳಿವೆ. ಎರಡೂ ಸತುವಿನ ಗಣಿಗಳಿಂದ ಬದುಕಿದ ಊರುಗಳು. ಫ್ರಾಂಕ್ಲಿನ್ನಿನ ಗಣಿ 1954ರಲ್ಲಿ ಮುಚ್ಚಿತು; ಆಗ್ಡೆನ್ಸ್‌ಬರ್ಗಿನ ಸ್ಟರ್ಲಿಂಗ್ ಹಿಲ್ ಗಣಿ 1986ರವರೆಗೆ ನಡೆದು ನಿಂತಿತು. ಇವೆರಡರಲ್ಲಿ ದೊರೆತ ಖನಿಜಗಳ ಬಗೆಗಳು ಮುನ್ನೂರೈವತ್ತಕ್ಕೂ ಹೆಚ್ಚು. ಅವುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಬಗೆಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕು ತಗುಲಿದಾಗ ಬಣ್ಣಬಣ್ಣವಾಗಿ ಹೊಳೆಯುತ್ತವೆ. 1968ರಲ್ಲಿ ಆ ರಾಜ್ಯದ ಶಾಸನಸಭೆ ಫ್ರಾಂಕ್ಲಿನ್ನನ್ನು ಇಂಥ ಖನಿಜಗಳ ಜಾಗತಿಕ ರಾಜಧಾನಿಯೆಂದು ಸಾರಿತು. ಸ್ಟರ್ಲಿಂಗ್ ಹಿಲ್ ಗಣಿ 1990ರಿಂದ ವಸ್ತುಸಂಗ್ರಹಾಲಯವಾಗಿದೆ. ನನ್ನ ತಂಗಿಯ ಮಗ ಆ ರಾಜ್ಯದಲ್ಲಿ ನೆಲೆಸಿರುವುದರಿಂದ ಅದನ್ನು ನೋಡುವ ಅವಕಾಶ ನನಗೆ ಒದಗಿತು.

ಸಾಮಾನ್ಯ ಬೆಳಕಿನಲ್ಲಿ ಆ ಕಲ್ಲುಗಳಲ್ಲಿ ನೋಡುವಂಥದು ಏನೂ ಇಲ್ಲ. ಬೂದು, ಬಿಳಿ, ಕಂದು, ನಡುನಡುವೆ ಕರಿಯ ಚುಕ್ಕೆ. ನಮ್ಮಲ್ಲಿ ರಸ್ತೆಗೆ ರಾಶಿ ಹಾಕಿರುವ ಜಲ್ಲಿಯಲ್ಲಿ ಬೆರೆತರೆ ಹುಡುಕಿ ತೆಗೆಯುವುದು ಕಷ್ಟ. ಸುರಂಗದೊಳಗೆ ಒಂದು ಕಡೆ ಮಾರ್ಗದರ್ಶಿ ನಮ್ಮನ್ನು ನಿಲ್ಲಿಸಿ ಬಿಳಿಯ ದೀಪವನ್ನು ಆರಿಸಿ ನೇರಳಾತೀತ ದೀಪವನ್ನು ಹೊತ್ತಿಸಿದರು. ಗೋಡೆಗೆ ಗೋಡೆಯೇ ಬದಲಾಯಿತು. ಬಿಳಿಯದಾಗಿದ್ದ ಕ್ಯಾಲ್ಸೈಟ್ ಊದಿದ ಕೆಂಡದಂತೆ ಕೆಂಪಾಯಿತು. ಕಂದು ಬಣ್ಣದ ವಿಲ್ಲೆಮೈಟ್ ಎಳೆಯ ಗರಿಕೆಗಿಂತ ಹಸುರಾಯಿತು. ಫ್ರಾಂಕ್ಲಿನೈಟ್ ಎಂಬ ಅದಿರು ಮಾತ್ರ ಮೊದಲಿನಂತೆ ಕಪ್ಪಾಗಿಯೇ ಉಳಿದು, ಆ ಕೆಂಪು ಹಸುರುಗಳಿಗೆ ಅಂಚು ಕಟ್ಟಿತು. ಈ ಹೊಳಪು ಗಣಿಯವರಿಗೆ ಕೇವಲ ವಿನೋದವಾಗಿರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿಯೇ ಅವರು ಕಬ್ಬಿಣದ ತುದಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿ, ಅದರ ನೇರಳಾತೀತ ಬೆಳಕಿನಲ್ಲಿ ವಿಲ್ಲೆಮೈಟ್ ಕಸದೊಡನೆ ಹೊರಗೆ ಹೋಗುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದರು.

ಈ ಗುಣಕ್ಕೆ ಇಂಗ್ಲಿಷಿನಲ್ಲಿ ಫ್ಲೋರೆಸೆನ್ಸ್ ಎಂದು ಹೆಸರು. ನಮ್ಮ ಪಠ್ಯಪುಸ್ತಕಗಳು ಪ್ರತಿದೀಪ್ತಿ ಎನ್ನುತ್ತವೆ. ಇದನ್ನು ಕುರಿತು 1852ರಲ್ಲಿ ದೊಡ್ಡದೊಂದು ಪ್ರಬಂಧವನ್ನು ಪ್ರಕಟಿಸಿದವನು ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಫ್ಲೋರ್‌ಸ್ಪಾರ್ ಎಂಬ ಖನಿಜದಲ್ಲಿ ಕಂಡ ಗುಣವಾದ್ದರಿಂದ ಆ ಖನಿಜದ ಹೆಸರನ್ನೇ ಆಧರಿಸಿ ಅವನು ಈ ಪದವನ್ನು ಕಟ್ಟಿದನು. ಅವನ ಉಪಕರಣಗಳು ಎಷ್ಟು ಸರಳವಾಗಿದ್ದವೆಂದರೆ, ಸೂರ್ಯನ ಬೆಳಕನ್ನು ಚರ್ಚಿನ ಕಿಟಕಿಯ ಕಡುನೀಲಿ ಗಾಜಿನ ಮೂಲಕ ಕ್ವಿನೀನ್ ದ್ರಾವಣದ ಮೇಲೆ ಹಾಯಿಸಿ, ಹೊರಬರುವ ಹೊಳಪನ್ನು ಹಳದಿ ಛಾಯೆಯ ಒಂದು ಗ್ಲಾಸು ದ್ರಾಕ್ಷಾರಸದ ಮೂಲಕ ನೋಡಿದನೆಂದು ಹೇಳುತ್ತಾರೆ.

ತತ್ತ್ವ ಇಷ್ಟೇ: ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಮಾತ್ರ ಕಾಣಬಲ್ಲುದು. ಅದಕ್ಕಿಂತ ಚಿಕ್ಕ ಅಲೆಯ ಬೆಳಕು ನಮಗೆ ಕತ್ತಲೆಯೇ. ಕಲ್ಲು ಆ ಕಾಣದ ಬೆಳಕನ್ನು ಹೀರಿಕೊಂಡು, ಅದರ ಶಕ್ತಿಯಲ್ಲಿ ಒಂದು ಪಾಲನ್ನು ತನ್ನಲ್ಲಿಯೇ ಕಳೆದುಕೊಂಡು, ಉಳಿದುದನ್ನು ನಮಗೆ ಕಾಣುವ ಬಣ್ಣವಾಗಿ ಹಿಂತಿರುಗಿಸುತ್ತದೆ. ಇದರಲ್ಲಿ ನನ್ನನ್ನು ಸೋಜಿಗಗೊಳಿಸಿದ ಇನ್ನೊಂದು ಅಂಶವುಂಟು. ಅಪ್ಪಟ ಶುದ್ಧವಾದ ಕ್ಯಾಲ್ಸೈಟ್ ಹೀಗೆ ಹೊಳೆಯುವುದಿಲ್ಲ. ಅದರೊಳಗೆ ಕಿಂಚಿತ್ತು ಮ್ಯಾಂಗನೀಸ್ ಕಶ್ಮಲವಾಗಿ ಸೇರಿರಬೇಕು. ಅದೇ ಮ್ಯಾಂಗನೀಸ್ ಕ್ಯಾಲ್ಸೈಟಿನ ಮನೆಯಲ್ಲಿ ಕೆಂಪಾಗುತ್ತದೆ, ವಿಲ್ಲೆಮೈಟಿನ ಮನೆಯಲ್ಲಿ ಹಸುರಾಗುತ್ತದೆ. ಕಬ್ಬಿಣ ಸೇರಿದರೆ ಸಾಮಾನ್ಯವಾಗಿ ಹೊಳಪು ಕುಗ್ಗುತ್ತದೆ, ಇಲ್ಲವೇ ನಂದುತ್ತದೆ. ಯಾವ ದೋಷ ಯಾರಲ್ಲಿ ಗುಣವಾಗುತ್ತದೆಂದು ಹೇಳಬಲ್ಲವರು ಯಾರು?

ಇನ್ನು ಪ್ರದರ್ಶನದ ಪ್ರಶ್ನೆಗೆ ಬರೋಣ. ಕಲ್ಲು ಇಷ್ಟು ಚೆನ್ನಾಗಿ ಹೊಳೆಯುತ್ತದೆಯಾದರೆ ದೀಪವನ್ನು ಬೆಳಗಿನಿಂದ ಸಂಜೆಯವರೆಗೆ ಉರಿಯಬಿಟ್ಟರೆ ಆಯಿತಲ್ಲ ಎನ್ನಿಸಬಹುದು. ಹಾಗೆ ಮಾಡಲಾಗದು, ಅದಕ್ಕೆ ಕಾರಣಗಳಿವೆ.

ಮೊದಲನೆಯ ಕಾರಣ ದೀಪದ್ದು. ಪಾದರಸದ ಆವಿಯ ಕೊಳವೆದೀಪ 254 ನ್ಯಾನೋಮೀಟರಿನ ನೇರಳಾತೀತದೊಡನೆ ಒಂದಿಷ್ಟು ಕಾಣುವ ಬೆಳಕನ್ನೂ ಸೂಸುತ್ತದೆ. ಆ ಕಾಣುವ ಬೆಳಕು ಕಲ್ಲಿನ ಮಂದವಾದ ಹೊಳಪನ್ನು ನುಂಗಿಬಿಡುವುದರಿಂದ ಅದನ್ನು ತಡೆಯಲು ಕಪ್ಪಗೆ ಕಾಣುವ ವಿಶೇಷ ಗಾಜಿನ ಶೋಧಕವನ್ನು ದೀಪದ ಮುಂದಿಡುತ್ತಾರೆ. ತನ್ನ ಮೂಲಕ ಹಾದುಹೋಗುವ ಬೆಳಕಿನಿಂದಲೇ ಈ ಶೋಧಕ ಗಂಟೆ ಗಂಟೆಗೂ ಸವೆಯುತ್ತದೆ. ಕ್ರಮೇಣ ನೇರಳಾತೀತವನ್ನೂ ತಡೆಯತೊಡಗುತ್ತದೆ. ಆಗ ನೋಡುವವನು ಕಲ್ಲೇ ಮಂಕಾಗಿದೆಯೆಂದು ತಿಳಿಯುತ್ತಾನೆ. ಹಾಗೆಂದು ಕ್ಷಣಕ್ಕೊಮ್ಮೆ ದೀಪವನ್ನು ಹೊತ್ತಿಸಿ ಆರಿಸಿದರೂ ಕೇಡು ತಪ್ಪದು. ಕೊಳವೆದೀಪ ಪ್ರತಿಸಲ ಹೊತ್ತಿಕೊಳ್ಳುವಾಗಲೂ ಅದರ ತುದಿಯ ತಂತಿಯ ಲೇಪ ಒಂದಿಷ್ಟು ಕಳೆದುಹೋಗುತ್ತದೆ. ಉರಿದರೆ ಶೋಧಕಕ್ಕೆ ಆಯುಷ್ಯ ಕಡಿಮೆ, ಮೇಲಿಂದ ಮೇಲೆ ಆರಿದರೆ ದೀಪಕ್ಕೆ ಆಯುಷ್ಯ ಕಡಿಮೆ. ಇವೆರಡರ ನಡುವೆ ಲೆಕ್ಕ ಹಾಕಿ ನಡೆಯಬೇಕಾಗುತ್ತದೆ.

ಎರಡನೆಯದು ಕಲ್ಲಿನ ಕಾರಣ. ಕಲ್ಲೆಂದರೆ ಶಾಶ್ವತವೆಂದು ನಾವು ತಿಳಿದಿದ್ದೇವೆ. ಶಾಸನವನ್ನು ಕಲ್ಲಿನಲ್ಲಿ ಕೊರೆಸಿದವರೂ ಹಾಗೆಯೇ ತಿಳಿದಿದ್ದರು. ಆದರೆ ಬೆಳಕನ್ನು ತಾಳಲಾರದ ಕಲ್ಲುಗಳೂ ಇವೆ. ಕೆಂಪಾದ ರಿಯಾಲ್ಗರ್ ಬಹುಕಾಲ ಬೆಳಕಿನಲ್ಲಿದ್ದರೆ ಹಳದಿ ಪುಡಿಯಾಗಿ ಉದುರುತ್ತದೆ. ಮಾಣಿಕ್ಯದಂತೆ ಕೆಂಪಾದ ಪ್ರೌಸ್ಟೈಟ್ ಎಂಬ ಬೆಳ್ಳಿಯ ಅದಿರು ಬೆಳಕಿಗೆ ಕಪ್ಪಾಗುತ್ತದೆ. ಪುಷ್ಯರಾಗದಂಥ ಕೆಲವು ಬಣ್ಣದ ಹರಳುಗಳಲ್ಲಿ, ವಿಶೇಷವಾಗಿ ಕಂದು ಟೋಪಾಜಿನಲ್ಲಿ, ಬಿಸಿಲಿಗೆ ಬಣ್ಣ ಕಳೆಯುವವು ಇವೆ. ಸಂಗ್ರಹಾಲಯದ ಪಾಲಕನಿಗೆ ತೋರಿಸುವುದು ಎಷ್ಟು ಕರ್ತವ್ಯವೋ ಕಾಪಾಡುವುದೂ ಅಷ್ಟೇ ಕರ್ತವ್ಯ.

ಮೂರನೆಯದು ಕಣ್ಣಿನ ಕಾರಣ, ಎಲ್ಲಕ್ಕಿಂತ ಮುಖ್ಯವಾದುದು. ಕಿರುತರಂಗದ ನೇರಳಾತೀತ ಕಣ್ಣಿನ ಹೊರಪದರವನ್ನು ಸುಡುತ್ತದೆ. ಸುಡುವಾಗ ತಿಳಿಯುವುದಿಲ್ಲ, ಕೆಲವು ಗಂಟೆಗಳಾದ ಮೇಲೆ ಕಣ್ಣಿಗೆ ಮರಳು ಬಿದ್ದಂತೆ ಉರಿ ಆರಂಭವಾಗುತ್ತದೆ. ಸಾಮಾನ್ಯ ಗಾಜು ಈ ಕಿರುತರಂಗವನ್ನು ತಡೆಯುವುದರಿಂದ ಕಪಾಟಿನ ಮುಂದಿನ ಗಾಜೇ ಪ್ರೇಕ್ಷಕನ ರಕ್ಷೆ. ಒಳಗೆ ಕೈಹಾಕುವ ಸಿಬ್ಬಂದಿಗೆ ಬೇರೆ ರಕ್ಷೆ ಬೇಕು. ಆದ್ದರಿಂದ ಬಾಗಿಲು ತೆರೆದೊಡನೆ ದೀಪ ತಾನಾಗಿ ಆರುವಂತೆ ಬಾಗಿಲಿಗೆ ಒಂದು ಸ್ವಿಚ್ಚನ್ನು ಜೋಡಿಸುತ್ತಾರೆ. ಮನುಷ್ಯನ ನೆನಪಿನ ಮೇಲೆ ಭಾರ ಹಾಕದೆ ಯಂತ್ರಕ್ಕೆ ಬಿಡಬೇಕಾದ ಕೆಲಸ ಯಾವುದೆಂದು ಕೇಳಿದರೆ, ಇದೇ ಎಂದು ನಾನು ಹೇಳುತ್ತೇನೆ.

ಈ ಎಲ್ಲ ಲೆಕ್ಕವನ್ನು ನೋಡಿಕೊಳ್ಳುವುದಕ್ಕೆ ಹಿಂದೆ ದೀಪದ ಬಳಿ ಒಬ್ಬ ಮನುಷ್ಯನಿರುತ್ತಿದ್ದನು. ಆಮೇಲೆ ಒಂದು ಸಣ್ಣ ಮೋಟಾರು ಬಂತು. ಅದು ನಿಧಾನವಾಗಿ ತಿರುಗುತ್ತ, ತನ್ನ ಚಕ್ರದ ಉಬ್ಬುಗಳಿಂದ ಒಂದೊಂದು ಸ್ವಿಚ್ಚನ್ನು ಒತ್ತುತ್ತ ಹೋಗುತ್ತಿತ್ತು. ಈಗ ಅಂಗೈಗಿಂತ ಚಿಕ್ಕದಾದ ವಿದ್ಯುನ್ಮಾನ ಹಲಗೆಯೊಂದು ಕ್ಷಣಗಳನ್ನು ಎಣಿಸಿ ರಿಲೇಗಳ ಮೂಲಕ ದೀಪಗಳನ್ನು ಆಳುತ್ತದೆ. ದೀರ್ಘತರಂಗಕ್ಕೆ ಎಲ್‌ಇಡಿ ದೀಪಗಳೂ ಬಂದಿವೆ. ಎಷ್ಟು ಸಲ ಹೊತ್ತಿಸಿದರೂ ಅವು ಕೊಳವೆದೀಪದಂತೆ ಸವೆಯುವುದಿಲ್ಲ.

ಚೆನ್ನಾಗಿ ಯೋಜಿಸಿದ ಕಪಾಟಿನಲ್ಲಿ ಈ ಆಳ್ವಿಕೆಗೆ ಒಂದು ಕ್ರಮವಿರುತ್ತದೆ. ಮೊದಲು ಬಿಳಿಯ ಬೆಳಕು: ಕಲ್ಲು ತನ್ನ ದಿನನಿತ್ಯದ ಉಡುಪಿನಲ್ಲಿದೆ. ಆಮೇಲೆ ಆ ಬೆಳಕು ಥಟ್ಟನೆ ಆರದೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಪೂರ್ಣವಾಗಿ ಒಗ್ಗಲು 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ಯಾರನ್ನೂ ನಿಲ್ಲಿಸಲಾಗದಿದ್ದರೂ ಕಣ್ಣಿಗೆ ಒಂದಿಷ್ಟು ಸಾವಕಾಶ ಕೊಡುವುದು ಸೌಜನ್ಯ. ಬಳಿಕ ಸುಮಾರು 365 ನ್ಯಾನೋಮೀಟರಿನ ದೀರ್ಘತರಂಗ, ಅನಂತರ 254ರ ಕಿರುತರಂಗ. ಅಮೆರಿಕದ ಟೆಕ್ಸಾಸಿನ ಟರ್ಲಿಂಗ್ವಾ ಎಂಬ ಕಡೆಯ ಕ್ಯಾಲ್ಸೈಟ್ ಮೊದಲನೆಯದಕ್ಕೆ ಗುಲಾಬಿಯಾಗಿಯೂ ಎರಡನೆಯದಕ್ಕೆ ನೀಲಿಯಾಗಿಯೂ ಉತ್ತರ ಕೊಡುತ್ತದೆ. ಕೇಳುವವನು ಬದಲಾದರೆ ಉತ್ತರವೂ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇದಾದ ಮೇಲೆ ಎಲ್ಲ ದೀಪಗಳೂ ಆರುತ್ತವೆ. ಪ್ರದರ್ಶನ ಮುಗಿಯಿತೆಂದು ಜನ ಹೊರಡುವುದು ಆಗಲೇ. ಆದರೆ ಕೆಲವು ಕಲ್ಲುಗಳ ನಿಜವಾದ ಮಾತು ಆರಂಭವಾಗುವುದೂ ಆಗಲೇ. ಟರ್ಲಿಂಗ್ವಾದ ಕ್ಯಾಲ್ಸೈಟ್ ದೀಪ ಆರಿದ ಮೇಲೂ ತನ್ನೊಳಗೆ ಉಳಿಸಿಕೊಂಡ ಬೆಳಕನ್ನು ನೀಲಿಯಾಗಿ, ಸಣ್ಣಗೆ, ಹಲವು ಕ್ಷಣ ಹೊರಬಿಡುತ್ತಿರುತ್ತದೆ. ಇದು ಅನುದೀಪ್ತಿ. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಟಲಿಯ ಬೊಲೋನ್ಯಾ ನಗರದಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಕಾಶ್ಯರೋಲೊ ಎಂಬಾತ, ಚಿನ್ನ ಮಾಡುವ ಹಂಬಲದಿಂದ ಭಾರವಾದ ಒಂದು ಕಲ್ಲನ್ನು ಇದ್ದಲಿನೊಡನೆ ಸುಟ್ಟನು. ಚಿನ್ನ ದೊರೆಯಲಿಲ್ಲ; ಹಗಲು ಬಿಸಿಲು ಕುಡಿದು ಇರುಳು ಹೊಳೆಯುವ ಕಲ್ಲು ದೊರೆಯಿತು. ಯೂರೋಪಿನ ವಿದ್ವಾಂಸರು ಅದನ್ನು ಕುರಿತು ಬಹುಕಾಲ ಚರ್ಚಿಸಿದರು.

ಕೊನೆಯದಾಗಿ ಬಿಳಿಯ ಬೆಳಕು ಮತ್ತೊಮ್ಮೆ ಬರಬೇಕು. ಗ್ರೀನ್‌ಲ್ಯಾಂಡಿನಲ್ಲಿಯೂ ಬೇರೆ ಕಡೆಗಳಲ್ಲಿಯೂ ದೊರೆಯುವ ಹ್ಯಾಕ್ಮನೈಟ್ ಕಿರುತರಂಗದಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದರ ಮೈಬಣ್ಣವೇ ನಸುನೇರಳೆಗೆ ತಿರುಗುತ್ತದೆ. ಬಿಳಿಯ ಬೆಳಕಿನಲ್ಲಿ ಆ ಬಣ್ಣ ಮೆಲ್ಲಗೆ ಮಾಸಿ ಮೊದಲಿನಂತಾಗುತ್ತದೆ. ಮೊದಲ ಬಿಳಿಯ ಬೆಳಕಿನಲ್ಲಿ ಕಂಡ ಕಲ್ಲಿಗೂ ಕೊನೆಯ ಬಿಳಿಯ ಬೆಳಕಿನಲ್ಲಿ ಕಂಡ ಕಲ್ಲಿಗೂ ಇರುವ ಅಂತರವೇ, ನಡುವೆ ನಡೆದುದೆಲ್ಲದರ ಸಾಕ್ಷಿ.

ಕಾಗದದ ಮೇಲೆ ಈ ಕ್ರಮ ಸುಂದರವಾಗಿದೆ. ಕಾರ್ಯದಲ್ಲಿ ಏನಾಗುತ್ತದೆಂಬುದನ್ನು ಅದೇ ಪ್ರವಾಸದಲ್ಲಿ ಇನ್ನೊಂದು ಊರಿನ ಸಣ್ಣ ಸಂಗ್ರಹಾಲಯದಲ್ಲಿ ಕಂಡೆ. ಅದರ ಹೆಸರು ಇಲ್ಲಿ ಬೇಕಿಲ್ಲ. ಮನುಷ್ಯನ ಮೈಶಾಖದ ಚಲನೆಯನ್ನು ಗುರುತಿಸುವ ಉಪಕರಣವನ್ನು ಅಲ್ಲಿ ಕಪಾಟಿಗೆ ಅಳವಡಿಸಿದ್ದರು. ಯಾರಾದರೂ ಹತ್ತಿರ ಬಂದರೆ ದೀಪ ಹೊತ್ತುತ್ತದೆ, ಚಲನೆ ನಿಂತರೆ ಆರುತ್ತದೆ. ಯಾರೂ ಇಲ್ಲದಾಗ ಶೋಧಕ ಸವೆಯದಿರಲೆಂದು ಮಾಡಿದ ಏರ್ಪಾಡು, ಉದ್ದೇಶ ಒಳ್ಳೆಯದೇ. ನಾನು ಒಂದು ವಿಲ್ಲೆಮೈಟ್ ತುಂಡನ್ನು ನೋಡುತ್ತ ಅಲುಗಾಡದೆ ನಿಂತಿದ್ದೆ. ಇದ್ದಕ್ಕಿದ್ದಂತೆ ದೀಪ ಆರಿತು. ಕೈಬೀಸಿದೆ, ಹೊತ್ತಿತು. ಮತ್ತೆ ನೋಟದಲ್ಲಿ ಮುಳುಗಿದೆ, ಮತ್ತೆ ಆರಿತು. ಪಕ್ಕದಲ್ಲಿ ಓಡಾಡುತ್ತಿದ್ದ, ಕಪಾಟಿನ ಕಡೆ ತಿರುಗಿಯೂ ನೋಡದ ಹುಡುಗರಿಗೆ ಮಾತ್ರ ದೀಪ ಎಡೆಬಿಡದೆ ಉರಿಯುತ್ತಿತ್ತು. ಚಂಚಲರಿಗೆ ಬೆಳಕು, ತದೇಕಚಿತ್ತನಿಗೆ ಕತ್ತಲೆ! ಆ ಯಂತ್ರ ಲೋಕವನ್ನು ಚೆನ್ನಾಗಿ ಬಲ್ಲುದೆಂದು ಆಗ ನನಗೆ ತೋರಿತು.

ಜೊತೆಗಿದ್ದ ನನ್ನ ಸೋದರಳಿಯ ವಿದ್ಯುನ್ಮಾನದ ಕೆಲಸ ಬಲ್ಲವನು. “ಮಾವ, ಇದು ಯಂತ್ರದ ತಪ್ಪಲ್ಲ, ಅದಕ್ಕೆ ಹೇಳಿಕೊಟ್ಟದ್ದು ಅಷ್ಟೇ. ಒಮ್ಮೆ ಆರಂಭವಾದ ಸರದಿ ಪೂರ್ತಿ ಮುಗಿದೇ ನಿಲ್ಲಬೇಕೆಂದು ಹೇಳಿದರೆ ಹಾಗೆಯೇ ಮಾಡುತ್ತದೆ” ಎಂದನು. ಅಲ್ಲಿಯ ಪಾಲಕರನ್ನು ಕಂಡು ಇದನ್ನು ತಿಳಿಸಿದೆವು. ಅವರು ಇಳಿವಯಸ್ಸಿನವರು, ಸಮಾಧಾನದಿಂದ ಕೇಳಿದರು. ನಾನು ಇನ್ನೊಂದು ಮಾತನ್ನೂ ಎತ್ತಿದೆ. ಕಿರುತರಂಗ ಆರಿದ ಮೇಲಿನ ಕತ್ತಲೆ ಅವರ ಕಪಾಟಿನಲ್ಲಿ ಎರಡು ಮೂರು ಕ್ಷಣ ಮಾತ್ರ ಇತ್ತು. ಅನುದೀಪ್ತಿ ಕಣ್ಣಿಗೆ ಸಿಕ್ಕುವಷ್ಟರಲ್ಲಿ ಬಿಳಿಯ ದೀಪ ಬಂದು ಅದನ್ನು ಅಳಿಸಿಬಿಡುತ್ತಿತ್ತು. ಅದಕ್ಕೆ ಅವರು, “ಮೊದಲು ಇಪ್ಪತ್ತು ಸೆಕೆಂಡು ಇಟ್ಟಿದ್ದೆ. ಯಂತ್ರ ಕೆಟ್ಟಿದೆಯೆಂದು ದಿನವೂ ದೂರು ಬಂತು. ಕತ್ತಲೆಯನ್ನು ಸಹಿಸುವವರು ಕಡಿಮೆ” ಎಂದರು.

ಅಷ್ಟರಲ್ಲಿ ಶಾಲೆಯ ಮಕ್ಕಳ ಗುಂಪೊಂದು ಬಂದಿತು. ಪಾಲಕರು ಯಂತ್ರವನ್ನು ನಿಲ್ಲಿಸಿ, ಸ್ವಿಚ್ಚನ್ನು ತಮ್ಮ ಕೈಗೆ ತೆಗೆದುಕೊಂಡರು. ಎಲ್ಲ ದೀಪಗಳನ್ನೂ ಆರಿಸಿ ಸುಮ್ಮನೆ ನಿಂತರು. ಮಕ್ಕಳು ಮೊದಲು ಕಿರುಚಿದರು, ನಕ್ಕರು, ಆಮೇಲೆ ತಾವಾಗಿ ಮೌನವಾದರು. ಆ ಮೌನದಲ್ಲಿ ಒಂದು ಹುಡುಗಿ, “ಇನ್ನೂ ಇದೆ, ಇನ್ನೂ ಇದೆ” ಎಂದು ಪಿಸುಗುಟ್ಟಿದಳು. ನೀಲಿಯ ಒಂದು ಹೊಗೆ ಕಲ್ಲಿನ ಮೇಲೆ ನಿಂತಂತಿತ್ತು. ಅದು ಎಂದು ಮುಗಿಯಿತೆಂದು ನಮ್ಮಲ್ಲಿ ಯಾರಿಗೂ ಹೇಳಲಾಗಲಿಲ್ಲ. ಆ ಪಾಲಕರು ಮುಂದೆ ಯಂತ್ರದ ಲೆಕ್ಕವನ್ನು ಬದಲಾಯಿಸಿದರೋ ಇಲ್ಲವೋ ನಾನರಿಯೆ.

ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿಯನ್ನು ಕುರಿತು ಹೇಳುವಾಗ ಗಂಟೆಯ ಅನುರಣನದ ಹೋಲಿಕೆ ಬರುತ್ತದೆ. ಗಂಟೆಗೆ ಪೆಟ್ಟು ಬಿದ್ದ ಸದ್ದು ಒಂದು. ಅದು ನಿಂತ ಮೇಲೆ ಅಲೆಯಲೆಯಾಗಿ ಉಳಿಯುವ ನಾದ ಇನ್ನೊಂದು. ಶಬ್ದದ ವಾಚ್ಯಾರ್ಥ ತಿಳಿದ ಮೇಲೆ ಸಹೃದಯನ ಮನಸ್ಸಿನಲ್ಲಿ ಮೂಡುವ ವ್ಯಂಗ್ಯಾರ್ಥ ಈ ಎರಡನೆಯ ನಾದದಂಥದು. ಮೂರು ದಶಕಗಳ ಕಾಲ ಈ ಮಾತನ್ನು ತರಗತಿಯಲ್ಲಿ ವಿವರಿಸಿದವನು ನಾನು. ಅದರ ಕಣ್ಣಿಗೆ ಕಾಣುವ ರೂಪವನ್ನು ಕಂಡದ್ದು ಮಾತ್ರ ಆ ಕತ್ತಲೆಯ ಕೋಣೆಯಲ್ಲಿ. ಗಂಟೆಯನ್ನು ಒಂದೇ ಸಮನೆ ಬಾರಿಸುತ್ತಿದ್ದರೆ ಅನುರಣನ ಕೇಳಿಸದು. ದೀಪವನ್ನು ಒಂದೇ ಸಮನೆ ಉರಿಸುತ್ತಿದ್ದರೆ ಅನುದೀಪ್ತಿ ಕಾಣಿಸದು. ಎಲ್ಲವನ್ನೂ ತಾನೇ ಹೇಳಿ ಮುಗಿಸುವ ಕವಿಯ ಪದ್ಯದಲ್ಲಿ ಧ್ವನಿಗೆ ಎಡೆ ಎಲ್ಲಿ?

ಇಷ್ಟೆಲ್ಲ ದೂರದ ಊರಿನ ಮಾತಾಯಿತು. ನಮ್ಮ ನಾಡಿಗೂ ಈ ಬೆಳಕಿಗೂ ನಂಟಿಲ್ಲದಿಲ್ಲ. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ತಮ್ಮ ಶಿಷ್ಯರೊಡನೆ ವಜ್ರಗಳು ಸೂಸುವ ಇಂಥ ಬೆಳಕನ್ನು ಕುರಿತು ವರ್ಷಗಟ್ಟಲೆ ಸಂಶೋಧನೆ ನಡೆಸಿದರು. 1948ರಲ್ಲಿ ಸ್ಥಾಪಿತವಾದ ಅವರ ಸಂಶೋಧನಾಲಯದಲ್ಲಿ ಅವರು ಕೂಡಿಸಿದ ಹರಳು ಖನಿಜಗಳ ಸಂಗ್ರಹವಿದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಬಂಡೆಯಲ್ಲಿ ಶೀಲೈಟ್ ಎಂಬ ಟಂಗ್‌ಸ್ಟನ್ ಖನಿಜ ಉಂಟು. ಕಿರುತರಂಗದಲ್ಲಿ ಅದು ಆಕಾಶನೀಲಿಯಾಗಿ ಹೊಳೆಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಇರುಳಿನಲ್ಲಿ ನೇರಳಾತೀತ ದೀಪ ಹಿಡಿದು ಬೆಟ್ಟಗುಡ್ಡಗಳಲ್ಲಿ ಹುಡುಕಿದ್ದು ಇದೇ ಶೀಲೈಟನ್ನು. ನಮ್ಮ ಹಳೆಯ ಕಾಲೇಜುಗಳ ಭೂವಿಜ್ಞಾನ ವಿಭಾಗದ ಕಪಾಟುಗಳಲ್ಲಿ, ಧೂಳು ಹಿಡಿದ ಚೀಟಿ ಅಂಟಿಸಿಕೊಂಡು, ಹೀಗೆ ಹೊಳೆಯಬಲ್ಲ ಕಲ್ಲುಗಳು ಎಷ್ಟಿವೆಯೋ! ಒಂದು ದೀಪ, ಒಂದು ಶೋಧಕ, ಮುಂದೆ ಗಾಜು, ಬಾಗಿಲಿಗೆ ರಕ್ಷಣೆಯ ಸ್ವಿಚ್ಚು, ಕ್ಷಣ ಎಣಿಸುವ ಸಣ್ಣದೊಂದು ಯಂತ್ರ — ಇಷ್ಟಿದ್ದರೆ ಅವು ನಮ್ಮ ಮಕ್ಕಳೊಡನೆ ಮಾತನಾಡಿಯಾವು. ಇದು ದೊಡ್ಡ ವೆಚ್ಚದ ಕೆಲಸವಲ್ಲ.

ಅಂಥ ಕಪಾಟನ್ನು ಮಾಡಿಸುವವರಿಗೆ ನನ್ನದೊಂದು ಬಿನ್ನಹ. ಕಾವಲಿನ ಕೆಲಸವನ್ನು ಯಂತ್ರಕ್ಕೆ ಧಾರಾಳವಾಗಿ ಒಪ್ಪಿಸಿರಿ. ಅದು ಮರೆಯುವುದಿಲ್ಲ, ಬೇಸರಪಡುವುದಿಲ್ಲ. ಆದರೆ ಕತ್ತಲೆ ಎಷ್ಟು ಹೊತ್ತು ಇರಬೇಕೆಂಬುದನ್ನು ದೂರು ಕೊಡುವ ಅವಸರದವರಿಗಾಗಿ ನಿರ್ಣಯಿಸಬೇಡಿರಿ. ಕಾದು ನೋಡುವ ಒಬ್ಬಳೇ ಒಬ್ಬ ಹುಡುಗಿಗಾಗಿ ನಿರ್ಣಯಿಸಿರಿ. ಬೇಕಾದರೆ ಪಕ್ಕದಲ್ಲಿ ಒಂದು ಫಲಕ ತೂಗುಹಾಕಿ: ‘ಯಂತ್ರ ಕೆಟ್ಟಿಲ್ಲ, ದಯವಿಟ್ಟು ನಿಂತು ನೋಡಿ’ ಎಂದು.